ಖಾಲಿ ಡಬ್ಬದ ತೂಕ

ವಿಶ್ವವಿದ್ಯಾಲಯದ ಊಟದ ಹಾಲ್‌ಗೆ ಎರಡು ಕಿಟಕಿ. ಒಂದರಲ್ಲಿ ಅಡುಗೆಯವರು ಬಡಿಸುತ್ತಾರೆ, ಇನ್ನೊಂದರಲ್ಲಿ ತಿಂದವರು ತಟ್ಟೆ ಒಪ್ಪಿಸುತ್ತಾರೆ. ಈ ಎರಡನೆಯ ಕಿಟಕಿಯ ಹಿಂದೆ ಹನ್ನೆರಡು ವರ್ಷಗಳಿಂದ ನಿಂತಿದ್ದವಳು ತಕ್ಕಡಿಯಕ್ಕ. ಹೆತ್ತವರು ಇಟ್ಟ ಹೆಸರೊಂದು ಅವಳಿಗಿತ್ತು. ಅದು ಸಂಬಳದ ಪಟ್ಟಿಯಲ್ಲಿ ಸುಖವಾಗಿ ಮಲಗಿತ್ತು. ಕುಲಪತಿಯಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಅವಳು ತಕ್ಕಡಿಯಕ್ಕನೇ.

ಕೆಲಸ ಹೇಳಿಕೊಳ್ಳುವಂಥದ್ದಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಡಬ್ಬಕ್ಕೆ ಬಳಿಯುವುದು, ಒಳಗೆ ಎಳೆದ ಕೆಂಪು ಗೆರೆಯವರೆಗೆ ಡಬ್ಬ ತುಂಬಿದ ಮೇಲೆ ಅದನ್ನು ಎತ್ತಿ ತೂಕದ ಯಂತ್ರದ ಮೇಲಿಡುವುದು, ತೂಕ ಬರೆಯುವುದು, ಆಮೇಲೆ ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿಯುವುದು. ಬೇರೆ ಯಾರೇ ಆಗಿದ್ದರೂ ಇದನ್ನು ಮೂಗು ಮುಚ್ಚಿಕೊಂಡು ಮಾಡಿ ಮನೆಗೆ ಹೋಗುತ್ತಿದ್ದರು. ಇವಳಿಗೆ ತೂಕದ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಅವಳ ಅಮ್ಮ ರಸ್ತೆ ಬದಿಯಲ್ಲಿ ತರಕಾರಿ ಮಾರುತ್ತಿದ್ದಳು. ಬೆಳಿಗ್ಗೆ ಗೋಣಿಚೀಲ ಹಾಸಿದ ಮೇಲೆ ಮೊದಲ ಕೆಲಸವೆಂದರೆ ಖಾಲಿ ತಕ್ಕಡಿಯನ್ನು ಎತ್ತಿ ಹಿಡಿದು ಎರಡು ತಟ್ಟೆಯೂ ಸಮನಾಗಿ ನಿಲ್ಲುತ್ತವೆಯೇ ಎಂದು ನೋಡುವುದು. ಹಗುರವಾದ ಕಡೆ ಒಂದು ಸಣ್ಣ ಕಲ್ಲು ಕಟ್ಟಿ ಸರಿಮಾಡುತ್ತಿದ್ದಳು. ಅದಾಗುವ ತನಕ ಗಿರಾಕಿ ಬಂದು ಬೊಬ್ಬೆ ಹೊಡೆದರೂ ಒಂದು ಬದನೆಕಾಯಿ ಅಲುಗುತ್ತಿರಲಿಲ್ಲ.

ಅಂಥ ತಾಯಿಯ ಮಗಳು ಕೆಲಸಕ್ಕೆ ಸೇರಿದ ದಿನವೇ ಆಗಿನ ಮೇಲ್ವಿಚಾರಕರನ್ನು ಕೇಳಿದ್ದಳು: "ಡಬ್ಬದ ತೂಕ ಕಳೀಬೇಕಲ್ವಾ ಸಾರ್?"

"ಯಾಕಮ್ಮಾ ಸುಮ್ನೆ ತಲೆನೋವು," ಎಂದರು ಅವರು. "ದಿನಾ ಅದೇ ಕಬ್ಬಿಣದ ಡಬ್ಬ ತಾನೆ? ಸೇರಿಸಿಯೇ ಬರಿ. ನಿನ್ನೆಗಿಂತ ಇವತ್ತು ಹೆಚ್ಚೋ ಕಮ್ಮಿಯೋ ಅಂತ ಗೊತ್ತಾದ್ರೆ ಸಾಕು."

ಮಾತು ತಪ್ಪಾಗಿರಲಿಲ್ಲ. ಡಬ್ಬ ಅದೇ ಇರುವವರೆಗೆ ಹೆಚ್ಚುಕಡಿಮೆಯ ಲೆಕ್ಕಕ್ಕೆ ಯಾವ ಊನವೂ ಇಲ್ಲ. ಅವಳಿಗೆ ಒಳಗೊಳಗೇ ಕಸಿವಿಸಿಯಾದರೂ ಹೊಸಬಳು, ಸುಮ್ಮನಾದಳು. ಪುಸ್ತಕದಲ್ಲಿ ಡಬ್ಬ ಸೇರಿಸಿದ ತೂಕವೇ ಏರತೊಡಗಿತು. ತಾನು ಎತ್ತಿದ ಡಬ್ಬಗಳೆಷ್ಟು ಎಂದು ಮಾತ್ರ ಪುಟದ ಅಂಚಿನಲ್ಲಿ ಒಂದೊಂದು ಗೀಟು ಹಾಕಿಕೊಳ್ಳುತ್ತಿದ್ದಳು. ಅದು ಯಾರೂ ಕೇಳಿದ ಲೆಕ್ಕವಲ್ಲ, ಅವಳ ಸೊಂಟದ ಲೆಕ್ಕ. ಮೊದಲ ತಿಂಗಳು ದಿನಕ್ಕೆ ಇಪ್ಪತ್ತೊಂದು ಗೀಟು.

ಇಪ್ಪತ್ತೊಂದು ಡಬ್ಬ ಎತ್ತಿದ ಸೊಂಟ ಯೋಚನೆ ಮಾಡಲು ಶುರುಮಾಡುತ್ತದೆ. ಎರಡನೆಯ ತಿಂಗಳಿಂದ ಅವಳು ತಟ್ಟೆ ಈಸಿಕೊಳ್ಳುವಾಗ ಒಂದು ಮಾತು ಕೇಳತೊಡಗಿದಳು: "ಯಾವುದು ಸೇರ್ಲಿಲ್ಲ?"

ಬೈಗುಳವಿಲ್ಲ, ಉಪದೇಶವಿಲ್ಲ, ಬರೀ ಅಷ್ಟೇ. ಕೆಲವರು ತಲೆ ತಗ್ಗಿಸಿ ಓಡಿದರು. ಉಳಿದವರು ಹೇಳಿದರು. ಅನ್ನ ಗಟ್ಟಿ, ಬೇಳೆ ನೀರು, ಸೊಪ್ಪಿನಲ್ಲಿ ಮಣ್ಣು. ಕಾನೂನು ಓದುವವರು ಸಾಲು ನಿಲ್ಲಿಸಿಕೊಂಡು ಐದು ನಿಮಿಷ ವಾದ ಮಂಡಿಸಿದರು. ಗಣಿತದವರು ಮಾತಿಲ್ಲದೆ ತಟ್ಟೆಯತ್ತ ಬೆರಳು ತೋರಿಸಿದರು. ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಊಟ ಮುಗಿದ ಮೇಲೆ ಅವಳು ಹಿರಿಯ ಅಡುಗೆಯವನ ಮುಂದೆ ಹೋಗಿ ಒಪ್ಪಿಸುತ್ತಿದ್ದಳು. ಅವನ ಕೈ ಉಪ್ಪಿನ ಡಬ್ಬಿಯೊಳಗೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಉಪ್ಪಣ್ಣ ಎನ್ನುತ್ತಿದ್ದರು.

"ಅಣ್ಣ, ಇವತ್ತು ಪಲ್ಯ ಉಪ್ಪು ಅಂತ ನಲವತ್ತು ಜನ."

"ಮೂವತ್ತು ವರ್ಷ ಸೌಟು ಹಿಡಿದಿದ್ದೀನಿ. ನೀನು ನನಗೆ ಉಪ್ಪು ಕಲಿಸ್ತೀಯಾ?"

"ನಾನಲ್ಲಣ್ಣ. ಡಬ್ಬ."

ಉಪ್ಪಣ್ಣ ಕಣ್ಣು ಕೆಂಪಗೆ ಮಾಡಿದ. ಮಾರನೆಯ ದಿನ ಉಪ್ಪು ಕಡಿಮೆಯಾಗಿತ್ತು. ಆಮೇಲೊಂದು ದಿನ ಅವಳು ಮನೆಯಿಂದ ತನ್ನದೇ ಸೌಟು ತಂದು ಅನ್ನ ಬಡಿಸುವವನ ಕೈಗೆ ಕೊಟ್ಟಳು. ಹಳೆಯ ಸೌಟು ಒಮ್ಮೆ ಮುಳುಗಿದರೆ ಇಬ್ಬರ ಊಟ ಎತ್ತುತ್ತಿತ್ತು. ಬೇಕಾದವರು ಎರಡನೆಯ ಸಲ ಬರಲಿ ಎಂದಳು. ತನ್ನ ಅಡುಗೆಮನೆಯಲ್ಲಿ ಇನ್ನೊಬ್ಬರ ಸೌಟು ಆಡಿದ್ದಕ್ಕೆ ಉಪ್ಪಣ್ಣ ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟ. ಅಷ್ಟರಲ್ಲಿ ಗೀಟು ಹದಿನೇಳಕ್ಕೆ ಇಳಿದಿತ್ತು. ಐದನೆಯ ವರ್ಷಕ್ಕೆ ಹನ್ನೆರಡು. ಅಲ್ಲಿಂದ ಮುಂದೆ ಹನ್ನೆರಡರಲ್ಲೇ ನಿಂತಿತು. ಇದನ್ನು ಯಾರೂ ಗಮನಿಸಲಿಲ್ಲ. ಅಂಥದ್ದನ್ನು ಗಮನಿಸುವುದಕ್ಕೆಂದು ವಿಶ್ವವಿದ್ಯಾಲಯದಲ್ಲಿ ಆಗಿನ್ನೂ ಕಚೇರಿ ತೆರೆದಿರಲಿಲ್ಲ.

ಕಚೇರಿ ಬಂದದ್ದು ಅವಳ ಕೆಲಸದ ಹನ್ನೊಂದನೆಯ ವರ್ಷದಲ್ಲಿ. ಹಸಿರು ಕಚೇರಿ ಎಂದು ಹೆಸರು. ತಾರಸಿಗಳ ಮೇಲೆ ಸೌರಫಲಕ ಕೂತವು, ಮಳೆನೀರಿಗೆ ತೊಟ್ಟಿ ಕಟ್ಟಿದರು, ಪ್ರತಿ ವಿಭಾಗದ ಎದುರು ಸೈಕಲ್ ನಿಲ್ಲಿಸಲು ಜಾಗ ಮಾಡಿದರು. ಕಾಗದ ಉಳಿಸಿ ಎಂದು ದಪ್ಪ ಕಾಗದದಲ್ಲಿ ಅಚ್ಚುಹಾಕಿ ಗೋಡೆಗೋಡೆಗೂ ಅಂಟಿಸಿದರು. ಕಚೇರಿಯ ಮುಖ್ಯಸ್ಥೆ ಮಣ್ಣಿನ ವಿಜ್ಞಾನದ ಪ್ರಾಧ್ಯಾಪಕಿ. ಎಲ್ಲರೂ ಹಸಿರು ಮೇಡಂ ಎನ್ನುತ್ತಿದ್ದರು. ಅವರನ್ನು ಗೇಲಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಗೊಬ್ಬರದ ಗುಂಡಿಗೆ ಮೊಣಕೈವರೆಗೆ ಕೈ ಹಾಕಿ ಬಿಸಿ ನೋಡಿದ ಪ್ರಾಧ್ಯಾಪಕರು ಅವರೊಬ್ಬರೇ. ತಕ್ಕಡಿಯಕ್ಕನಿಗೆ ಅವರನ್ನು ಕಂಡರೆ ಗೌರವ.

ಇನ್ನೊಂದು ಕಾರಣವೂ ಇತ್ತು. ಅವಳ ಒಬ್ಬಳೇ ಮಗಳು ಪರಿಸರ ವಿಜ್ಞಾನದ ಎಂಎಸ್ಸಿಗೆ ಸೇರಿದ್ದು ಮೇಡಂ ಕೈಕೆಳಗೆ. ಮಗಳು ಊಟಕ್ಕೆ ಬರುತ್ತಿದ್ದದ್ದು ಇದೇ ಹಾಲ್‌ಗೆ, ತಟ್ಟೆ ಒಪ್ಪಿಸುತ್ತಿದ್ದದ್ದು ಅಮ್ಮನ ಕೈಗೆ. ಮೊದಲ ವಾರ ಗೆಳತಿಯರ ಎದುರು ಮುಖ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ್ದಳು. ಆಮೇಲೆ ಅವಳೇ ಆಟ ಕಟ್ಟಿದಳು.

"ಯಾವುದು ಸೇರ್ಲಿಲ್ಲ?" ಎಂದು ಅಮ್ಮ ಎಲ್ಲರನ್ನೂ ಕೇಳುವಂತೆಯೇ ಕೇಳುವಳು.

"ಎಲ್ಲಾ ಸೇರ್ತು, ತಟ್ಟೆ ಒಂದು ಬಿಟ್ಟು," ಎಂದು ಬರಿದಾದ ತಟ್ಟೆ ಕೊಟ್ಟು ಮಗಳು ಹೋಗುವಳು.

ಮಗಳ ಪ್ರಬಂಧದ ವಿಷಯವೂ ಈ ಹಾಲ್‌ನ ಎಂಜಲೇ ಆಯಿತು. ರಜೆಯ ಎರಡು ತಿಂಗಳಲ್ಲಿ ಕೆಲಸ ಭರದಿಂದ ನಡೆಯಿತು. ಆಹಾರದ ತ್ಯಾಜ್ಯಕ್ಕೆ ಹಸಿರು ಬಣ್ಣವೆಂಬ ನಿಯಮ ಬಂದಿದ್ದರಿಂದ ಕಬ್ಬಿಣದ ಡಬ್ಬಗಳು ಉಗ್ರಾಣ ಸೇರಿ, ಅದೇ ಅಳತೆಯ ಹಸಿರು ಪ್ಲಾಸ್ಟಿಕ್ ಡಬ್ಬಗಳು ಬಂದವು. ತೂಕಕ್ಕೆ ವಿದ್ಯುತ್ ಯಂತ್ರ ಬಂತು. ಅದು ತೂಕವನ್ನು ತಾನೇ ಕೂಡಿಕೊಂಡು ಗೋಡೆಯ ಮೇಲಿನ ದೊಡ್ಡ ಫಲಕಕ್ಕೆ ಕಳಿಸುತ್ತಿತ್ತು. ವಿದ್ಯಾರ್ಥಿಗಳು ಫಲಕ ನೋಡುತ್ತ ತಾವೇ ತಟ್ಟೆ ಬಳಿಯಬೇಕು. ಶುಚಿತ್ವಕ್ಕೆಂದು ಕಿಟಕಿಗೆ ಗಾಜು ಹಾಕಿದರು. ತಕ್ಕಡಿಯಕ್ಕ ಗಾಜಿನ ಹಿಂದೆ ಉಳಿದಳು. ಕೇಳಿದರೆ ಆಚೆ ಕೇಳಿಸದು. ಬರೆಯುವ ಕೆಲಸವೂ ತಪ್ಪಿತು. ಗೀಟು ಮಾತ್ರ ಅಭ್ಯಾಸಬಲದಿಂದ ತನ್ನದೊಂದು ಪುಸ್ತಕದಲ್ಲಿ ಹಾಕುತ್ತಲೇ ಇದ್ದಳು. ಡಬ್ಬ ಹಗುರವಾದದ್ದು ಸೊಂಟಕ್ಕೆ ತಿಳಿದಿತ್ತು. ಪ್ಲಾಸ್ಟಿಕ್ ಅಲ್ಲವೇ, ಬದುಕಿದೆ ಎಂದುಕೊಂಡಿದ್ದಳು.

ರಜೆಗೆ ಮುಂಚೆ ದಿನಕ್ಕೆ ಇನ್ನೂರ ನಲವತ್ತು ಕಿಲೋ. ಹೊಸ ವ್ಯವಸ್ಥೆಯ ಮೊದಲ ತಿಂಗಳ ಸರಾಸರಿ ನೂರ ಎಪ್ಪತ್ತನಾಲ್ಕು. ಶೇಕಡಾ ಇಪ್ಪತ್ತೇಳೂವರೆ ಇಳಿಕೆ. ಕುಲಪತಿಗಳು ಎರಡು ಸಭೆಗಳಲ್ಲಿ ಆ ಅಂಕಿ ಹೇಳಿದರು. ಭಿತ್ತಿಪತ್ರ ಮತ್ತು ಫಲಕದಿಂದ ವಿದ್ಯಾರ್ಥಿಗಳ ಮನಸ್ಸು ಬದಲಾಗುತ್ತದೆ ಎಂದು ಮಗಳು ಎಂಬತ್ತು ಪುಟ ಬರೆದಳು. ಡಾಕ್ಟರೇಟ್ ಪಡೆದವರು ಮುನ್ನೂರು ಜನರಿದ್ದ ಜಾಗದಲ್ಲಿ ಡಬ್ಬವನ್ನು ಯಾರೂ ತೂಗಿ ನೋಡಲಿಲ್ಲ.

ಮುಂದಿನ ತಿಂಗಳ ಕೊನೆಗೆ ಹಸಿರು ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ತಂಡ ಬರುವುದಿತ್ತು. ಅದೇ ವಾರ ಮಗಳ ಪ್ರಬಂಧ ಸಲ್ಲಿಸಬೇಕಿತ್ತು. ಅದು ಒಪ್ಪಿಗೆಯಾದರೆ ಹಸಿರು ಕಚೇರಿಯಲ್ಲಿ ಅವಳಿಗೆ ಕೆಲಸ ಎಂದು ಮೇಡಂ ಮಾತು ಕೊಟ್ಟಿದ್ದರು. ತಕ್ಕಡಿಯಕ್ಕನಿಗೆ ವೇದಿಕೆಯಲ್ಲಿ ಪದಕ ಕೊಡುವುದೆಂದೂ ತೀರ್ಮಾನವಾಗಿತ್ತು. ಬಸ್ ಡಿಪೋದಲ್ಲಿ ಟೈರ್ ಬಿಚ್ಚುವ ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಅಂಥವನು ಒಂದು ಹೊಸ ಅಂಗಿ ತಂದಿಟ್ಟುಕೊಂಡ.

ತಂಡ ಬರಲು ಹತ್ತು ದಿನವಿದೆ ಎನ್ನುವಾಗ ಒಂದು ಹಸಿರು ಡಬ್ಬದ ತಳ ಸೀಳಿತು. ಉಪ್ಪಣ್ಣ ಗೊಣಗುತ್ತ ಉಗ್ರಾಣದಿಂದ ಹಳೆಯ ಕಬ್ಬಿಣದ ಡಬ್ಬವೊಂದನ್ನು ಎಳೆದು ತಂದ. ತಕ್ಕಡಿಯಕ್ಕ ಅದನ್ನು ಗೆರೆವರೆಗೆ ತುಂಬಿಸಿ ಯಂತ್ರದ ಮೇಲಿಟ್ಟಳು. ಇಪ್ಪತ್ತು ಕಿಲೋ ಎಂದಿತು. ಅದಕ್ಕೆ ಮುಂಚಿನ ಹಸಿರು ಡಬ್ಬ, ಅದೇ ಗೆರೆವರೆಗೆ ತುಂಬಿದ್ದು, ಹದಿನಾಲ್ಕೂವರೆ ಇತ್ತು.

"ಮಿಷನ್ ಕೆಟ್ಟಿದೆ," ಎಂದ ಉಪ್ಪಣ್ಣ.

ಅವಳು ಕಬ್ಬಿಣದ ಡಬ್ಬ ಖಾಲಿ ಮಾಡಿ ತೊಳೆದು ತಂದು ಇಟ್ಟಳು. ಏಳು ಕಿಲೋ. ಖಾಲಿ ಹಸಿರು ಡಬ್ಬ ಇಟ್ಟಳು. ಒಂದೂವರೆ. ಅಮ್ಮ ಗೋಣಿಚೀಲದ ಮೇಲೆ ನಿಂತು ಖಾಲಿ ತಕ್ಕಡಿ ಎತ್ತಿ ಹಿಡಿದದ್ದು ಕಣ್ಣ ಮುಂದೆ ಬಂತು. ಅಂಥವಳ ಮಗಳಾಗಿ ತಾನು ಹೀಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ಅವಳು ಹಾಲ್‌ನಿಂದ ಹೊತ್ತು ತಂದ ಹನ್ನೆರಡು ವರ್ಷದ ಪುಸ್ತಕಗಳನ್ನು ಮನೆಯ ನೆಲದ ಮೇಲೆ ಹರಡಿಕೊಂಡು ಕೂತಳು. ಓದಿದ್ದು ಏಳನೆಯ ಕ್ಲಾಸು, ಲೆಕ್ಕದಲ್ಲಿ ಮಾತ್ರ ಎಡವಿದವಳಲ್ಲ. ಗೀಟಿಗೆ ಹದಿಮೂರು ಕಿಲೋದಂತೆ ಗುಣಿಸುತ್ತ ಹೋದಳು. ರಜೆಗೆ ಮುಂಚೆ ಹನ್ನೆರಡು ಗೀಟು, ನೂರ ಐವತ್ತಾರು ಕಿಲೋ. ರಜೆಯ ನಂತರ ಹನ್ನೆರಡು ಗೀಟು, ನೂರ ಐವತ್ತಾರು ಕಿಲೋ. ಫಲಕ, ಗಾಜು, ಭಿತ್ತಿಪತ್ರ ಇವೆಲ್ಲ ಸೇರಿ ಒಂದು ತುತ್ತು ಅನ್ನವನ್ನೂ ಉಳಿಸಿರಲಿಲ್ಲ. ಇಳಿದದ್ದು ಡಬ್ಬ.

ಸಂಜೆ ಮಗಳು ಬಂದಾಗ ಸುತ್ತಿಬಳಸದೆ ಹೇಳಿದಳು. ಮಗಳು ಪುಸ್ತಕಗಳನ್ನು ನೋಡಿದಳು, ತಾನೂ ಒಮ್ಮೆ ಲೆಕ್ಕ ಹಾಕಿದಳು.

"ಇದನ್ನ ಯಾರಿಗಾದ್ರೂ ಹೇಳಿದೀಯಾ?"

"ನಿನಗೇ ಮೊದಲು."

"ಹೇಳ್ಬೇಡ. ಇನ್ನು ಒಂದು ವಾರ ಅಮ್ಮ. ಸಲ್ಲಿಸಿಬಿಡ್ತೀನಿ, ಅವರು ಬಂದು ಹೋಗ್ಲಿ. ಆಮೇಲೆ ನಾನೇ ಸರಿಮಾಡ್ತೀನಿ."

"ಆಮೇಲೆ ಹೇಗೆ ಸರಿಮಾಡ್ತೀಯಾ?"

"ಎರಡು ವರ್ಷ ಅಮ್ಮ!" ಎಂದಳು ಮಗಳು. ಆ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡಿದ್ದಿಲ್ಲ. "ಒಂದು ಡಬ್ಬದ ತೂಕ ನಿನಗೇ ಹೊಳೀಲಿಲ್ಲ. ಈಗ ನನ್ನ ತಲೆಗೆ ಕಟ್ತಿದೀಯಾ."

ಆ ಮಾತು ನಾಟಿತು. ನಿಜವಾದ್ದರಿಂದ ಇನ್ನಷ್ಟು ನಾಟಿತು. ತಾಯಿ ಪುಸ್ತಕ ಎತ್ತಿಟ್ಟಳು. ಗಂಡ ಹೊರಗಿನ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಹೊಸ ಅಂಗಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ.

ಸೋಮವಾರ ಮಗಳು ಗಾಜಿನ ಆಚೆ ಬಂದು, ಬಡಿಸಿಕೊಂಡದ್ದನ್ನೆಲ್ಲ ಹಾಗೆಯೇ ಡಬ್ಬಕ್ಕೆ ಸುರಿದು ಹೋದಳು. ಮಂಗಳವಾರವೂ ಹಾಗೆಯೇ. ತಾಯಿ ಗಾಜಿನ ಹಿಂದೆ ನಿಂತು ನೋಡಿದಳು. ಮಗಳು ಊಟ ಮಾಡುತ್ತಿಲ್ಲವೆಂಬ ಸಂಕಟ ಒಂದು ಕಡೆ, ಅದನ್ನೂ ತಾನೇ ತೂಗಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ. ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿರಲಿಲ್ಲ, ಹೇಳುವ ಧೈರ್ಯವೂ ಬರಲಿಲ್ಲ. ಮಗಳ ಎರಡು ವರ್ಷವನ್ನು ಗುಂಡಿಗೆ ಸುರಿಯಲು ಯಾವ ತಾಯಿಯ ಕೈ ಏಳುತ್ತದೆ?

ಆದರೆ ಸುಳ್ಳು ತೂಗಲೂ ಕೈ ಏಳಲಿಲ್ಲ. ಯಂತ್ರದಲ್ಲಿ ಒಂದು ಗುಂಡಿ ಇತ್ತು. ಖಾಲಿ ಡಬ್ಬ ಇಟ್ಟು ಅದನ್ನು ಒತ್ತಿದರೆ ಅಂಕಿ ಸೊನ್ನೆಯಾಗಿ, ಆಮೇಲೆ ಬರುವುದು ಒಳಗಿನದರ ತೂಕ ಮಾತ್ರ. ಬುಧವಾರದಿಂದ ಅವಳು ಪ್ರತಿ ಡಬ್ಬಕ್ಕೂ ಮೊದಲು ಅದನ್ನು ಒತ್ತತೊಡಗಿದಳು. ಯಾರಿಗೂ ಏನೂ ಹೇಳಲಿಲ್ಲ. ಇನ್ನು ಮುಂದಿನದಾದರೂ ನೆಟ್ಟಗಿರಲಿ ಎಂದಷ್ಟೇ ಅವಳ ಎಣಿಕೆ. ಇದರಿಂದ ಏನಾಗುತ್ತದೆ ಎಂಬುದು ಅವಳ ತಲೆಗೇ ಬಂದಿರಲಿಲ್ಲ.

ಆದದ್ದು ಇಷ್ಟು. ಫಲಕದ ಅಂಕಿ ಒಂದೇ ದಿನಕ್ಕೆ ನೂರ ಐವತ್ತೈದರ ಆಸುಪಾಸಿಗೆ ಇಳಿಯಿತು. ಶುಕ್ರವಾರ ಊಟದ ಹೊತ್ತು ಮುಗಿಯುವಾಗ ಹಸಿರು ಮೇಡಂ ಮಗಳನ್ನೂ ಜೊತೆಗೆ ಕರೆದುಕೊಂಡು ಬಂದು, ಗಾಜಿನ ಪಕ್ಕದ ಬಾಗಿಲು ತೆಗೆದು ಒಳಗೇ ನುಗ್ಗಿದರು. ಮುಖದಲ್ಲಿ ಹಬ್ಬ.

"ಅಕ್ಕಾ, ನೋಡಿದ್ರಾ? ನೂರ ಐವತ್ತಾರು. ಮೂವತ್ತೈದು ಪರ್ಸೆಂಟ್ ಇಳಿಕೆ. ಇಡೀ ಪಟ್ಟಿಯಲ್ಲೇ ಇಷ್ಟು ಯಾರದ್ದೂ ಇಲ್ಲ." ಮಗಳ ಕಡೆ ತಿರುಗಿ, "ಪ್ರಬಂಧದಲ್ಲಿ ಇಪ್ಪತ್ತೇಳೂವರೆ ತೆಗೆದು ಮೂವತ್ತೈದು ಹಾಕಿಬಿಡು. ಕೊನೇ ಅಧ್ಯಾಯ ಒಂದು ಸ್ವಲ್ಪ ತಿದ್ದಿದ್ರೆ ಆಯ್ತು," ಎಂದರು.

ತಾಯಿ ಮಗಳ ಮುಖ ನೋಡಿದಳು. ಮಗಳು ಯಂತ್ರದ ಮೇಲಿದ್ದ ಖಾಲಿ ಡಬ್ಬವನ್ನೂ, ಗುಂಡಿಯ ಮೇಲಿದ್ದ ಅಮ್ಮನ ಬೆರಳನ್ನೂ ನೋಡಿದಳು. ನಡೆದದ್ದೇನೆಂದು ಅವಳಿಗೆ ತಕ್ಷಣ ತಿಳಿಯಿತು. ಸತ್ಯ ತೂಗಿದ್ದರಿಂದ ಸುಳ್ಳು ಇನ್ನೂ ಕೊಬ್ಬಿತ್ತು. ತಕ್ಕಡಿಯಕ್ಕ ತುಟಿ ಬಿಚ್ಚಿದಳು.

"ಮೇಡಂ, ನನ್ನಿಂದ ಒಂದು ತಪ್ಪು..."

"ಅಮ್ಮ, ನೀನು ಇರು," ಎಂದಳು ಮಗಳು.

ಅವಳು ಮೂಲೆಗೆ ಹೋಗಿ ಕಬ್ಬಿಣದ ಡಬ್ಬವನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದಳು. ಹಸಿರು ಡಬ್ಬ ಕೆಳಗಿಳಿಸಿ, ಗುಂಡಿ ಒತ್ತಿ ಯಂತ್ರವನ್ನು ಸೊನ್ನೆಗೆ ತಂದು, ಕಬ್ಬಿಣದ್ದನ್ನು ಇಟ್ಟಳು. ಏಳು. ಅದನ್ನು ಇಳಿಸಿ ಹಸಿರನ್ನು ಇಟ್ಟಳು. ಒಂದೂವರೆ. ಮೇಡಂ ಮೊದಲು ಹುಬ್ಬೇರಿಸಿದರು. ಆಮೇಲೆ ಅವರ ತುಟಿ ಸಣ್ಣಗೆ ಅಲುಗಿತು, ಲೆಕ್ಕ ಹಾಕುತ್ತಿದ್ದರು. ಹನ್ನೆರಡೇಳಲಿ ಎಂಬತ್ತನಾಲ್ಕು. ಅಲ್ಲೇ ಮಗುಚಿ ಹಾಕಿದ್ದ ಇನ್ನೊಂದು ಡಬ್ಬದ ಮೇಲೆ ಕೂತರು.

"ಹೋದ ವರ್ಷಕ್ಕೂ ಈ ವರ್ಷಕ್ಕೂ ಎಷ್ಟು ವ್ಯತ್ಯಾಸ?"

"ಏನೂ ಇಲ್ಲ ಮೇಡಂ," ಎಂದಳು ಮಗಳು. "ನನಗೆ ಐದು ದಿನದಿಂದ ಗೊತ್ತು. ಅಮ್ಮ ಹೇಳಿದ್ಲು, ನಾನೇ ಬಾಯಿ ಮುಚ್ಚಿಸಿದೆ."

ಮೇಡಂ ಬೈಯಲಿಲ್ಲ. ಫಲಕದ ಕಡೆ ಒಮ್ಮೆ ನೋಡಿ, ಎದ್ದು, ಸೀರೆಗೆ ಅಂಟಿದ್ದ ಅನ್ನದ ಅಗುಳು ಕೊಡವಿಕೊಂಡು ಹೊರಟುಹೋದರು.

ತಂಡ ಬಂದಾಗ ಆ ಅಂಕಿಯನ್ನು ಹಿಂದಕ್ಕೆ ಪಡೆದಿದ್ದೇವೆ ಎಂಬ ಮೇಡಂ ಪತ್ರ ಅವರ ಕೈಸೇರಿತ್ತು. ತಂಡದವರು ಸೌರಫಲಕ ನೋಡಿದರು, ತೊಟ್ಟಿ ಇಣುಕಿದರು, ಕಾಫಿ ಕುಡಿದರು, ವಿಶ್ವವಿದ್ಯಾಲಯಕ್ಕೆ ಹನ್ನೊಂದನೆಯ ಸ್ಥಾನ ಕೊಟ್ಟು ಹೋದರು. ಕುಲಪತಿಗಳು ಹಸಿರಿನ ಬಗ್ಗೆ ಮಾತಾಡುವುದನ್ನು ನಿಲ್ಲಿಸಿ ಕ್ರೀಡೆಯ ಬಗ್ಗೆ ಮಾತಾಡತೊಡಗಿದರು. ಪದಕ ಯಾರಿಗೂ ಸಿಗಲಿಲ್ಲ. ಕಚೇರಿಯಲ್ಲಿ ಮಗಳಿಗೆಂದಿದ್ದ ಕೆಲಸ ಇನ್ನೊಬ್ಬರ ಪಾಲಾಯಿತು. ಪ್ರಬಂಧವನ್ನು ಹೊಸದಾಗಿ ಬರೆಯಲು ಅವಳಿಗೆ ಆರು ತಿಂಗಳು ಕೊಟ್ಟರು. ಕೊಡಿಸಿದವರು ಮೇಡಂ ಎಂದು ಆಮೇಲೆ ತಿಳಿಯಿತು.

ಹೊಸದಾಗಿ ಬರೆಯುವುದೇನನ್ನು ಎಂದು ಮಗಳು ಮನೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅಪ್ಪನೇ ಹಳೆಯ ಪುಸ್ತಕಗಳ ಕಟ್ಟನ್ನು ಅವಳ ಮುಂದಿಟ್ಟ.

"ಇಪ್ಪತ್ತೊಂದು ಇದ್ದದ್ದು ಹನ್ನೆರಡು ಆಗಿದೆಯಲ್ಲ, ಅದು ಹೇಗಾಯ್ತು ಅಂತ ಯಾರಾದ್ರೂ ಕೇಳಿದಾರಾ?" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಮಗಳು ಗೀಟು ಎಣಿಸಿದಳು. ದಿನಕ್ಕೆ ಇನ್ನೂರ ಎಪ್ಪತ್ತಮೂರು ಕಿಲೋ ಇದ್ದದ್ದು ಐದು ವರ್ಷದಲ್ಲಿ ನೂರ ಐವತ್ತಾರಕ್ಕೆ ಇಳಿದಿತ್ತು. ಕಚೇರಿ ಇಲ್ಲದಾಗ, ಫಲಕ ಇಲ್ಲದಾಗ, ಶೇಕಡಾ ನಲವತ್ತಮೂರು. ಪುಸ್ತಕ ಮುಚ್ಚಿ ಅಮ್ಮನ ಮುಂದೆ ಬಂದು ಕೂತಳು. ಸಂದರ್ಶನ ಮಾಡುವವರ ಹಾಗೆ ಪೆನ್ನು ಹಿಡಿದುಕೊಂಡು, "ನೀನು ಏನು ಮಾಡ್ತಿದ್ದೆ, ಮೊದಲಿಂದ ಹೇಳು," ಎಂದಳು.

"ನಾನೇನು ಮಾಡಿದೆ? ಕೇಳ್ತಿದ್ದೆ ಅಷ್ಟೇ."

ಗಾಜನ್ನು ತೆಗೆದದ್ದು ಆ ತಿಂಗಳೇ. ಮಗಳ ಅಧ್ಯಯನಕ್ಕೆ ಬೇಕೆಂದು ಮೇಡಂ ಸ್ವತಃ ನಿಂತು ತೆಗೆಸಿದರು. ಅವರು ಕಿಟಕಿಯ ಹತ್ತಿರ ಬಂದರೆ ಈಗ ಮೊದಲು ಖಾಲಿ ಡಬ್ಬದ ಕಡೆ ನೋಡುತ್ತಿದ್ದರು. ಉಪ್ಪಣ್ಣ ತನ್ನ ಸೌಟಿನ ಕಥೆಯನ್ನು ಮಗಳಿಗೆ ಹೇಳುವಾಗ, ಸೌಟು ಬದಲಿಸುವ ಉಪಾಯ ತನ್ನದೇ ಎಂದು ಸೇರಿಸಿದ. ತಕ್ಕಡಿಯಕ್ಕ ಅದನ್ನು ತಿದ್ದಲಿಲ್ಲ. ಗೀಟು ಹನ್ನೊಂದಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ ಇಳಿಯಲು ಇನ್ನೂ ಒಪ್ಪಿರಲಿಲ್ಲ.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಗಳು ಎಲ್ಲರಂತೆ ಸಾಲಿನಲ್ಲಿ ಬಂದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕಂಕುಳಲ್ಲಿ ನೀಲಿ ರಟ್ಟು ಹಾಕಿಸಿದ ದಪ್ಪ ಪುಸ್ತಕ. ಕೆಲಸ ಇನ್ನೂ ಎಲ್ಲೂ ಸಿಕ್ಕಿರಲಿಲ್ಲ.

"ಯಾವುದು ಸೇರ್ಲಿಲ್ಲ?" ಎಂದಳು ತಾಯಿ.

"ಆಲೂಗಡ್ಡೆ ಬೆಂದಿಲ್ಲ. ಉಪ್ಪಣ್ಣನಿಗೆ ಹೇಳು," ಎಂದು ಮಗಳು ತಟ್ಟೆ ಕೊಟ್ಟಳು. ಆಮೇಲೆ ಪುಸ್ತಕವನ್ನೂ ಕಿಟಕಿಯ ಮೇಲಿಟ್ಟಳು. "ಇದು ನಿನಗೆ. ಒಪ್ಪಿಗೆ ಆಯ್ತು."

ತಕ್ಕಡಿಯಕ್ಕ ಕೈಯನ್ನು ಎರಡು ಸಲ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಬಿಚ್ಚಿ ಓದುವ ಧೈರ್ಯ ಬರಲಿಲ್ಲ, ಕಣ್ಣೂ ಮಂಜಾಗಿತ್ತು. ಏನು ಮಾಡಬೇಕೆಂದು ತೋಚದೆ, ಕೈಗೆ ಅಭ್ಯಾಸವಾದದ್ದನ್ನೇ ಮಾಡಿದಳು. ಯಂತ್ರದ ಮೇಲಿಟ್ಟಳು.

"ಒಂದು ಕಿಲೋ ಇನ್ನೂರು ಗ್ರಾಂ," ಎಂದಳು.

ಹಿಂದೆ ಸಾಲಿನಲ್ಲಿದ್ದವರು ತಟ್ಟೆ ಹಿಡಿದುಕೊಂಡು ಕಾಯುತ್ತಿದ್ದರು. ಮಗಳು ಕಿಟಕಿಯೊಳಗೆ ಬಗ್ಗಿ ಅಂಕಿಯನ್ನು ನೋಡಿದಳು.

"ರಟ್ಟಿನ ತೂಕ ಕಳಿ ಅಮ್ಮ," ಎಂದಳು.